ಗ್ರಹನೌಕೆಯಲ್ಲಿ ವಿಶ್ವವಿದ್ಯಾನಿಲಯಕ್ಕೆ ಎಡೆಯಿಲ್ಲವೆ?

ಬೆಂಗಳೂರಿನ ಪಡುವಣ ಭಾಗದ ಮಾರೇನಹಳ್ಳಿಯು ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದು, ವಿಜಯನಗರದ ಬಡಾವಣೆಯೊಳಗೆ ಕಲೆತುಹೋಗಿರುವ ಊರು. ಅದರ ನೆಲೆಯನ್ನು ಭೂಪಟದಲ್ಲಿ ನೋಡಿದವರಿಗೆ ಒಂದು ಸೋಜಿಗವು ಕಾಣಬರುವುದು. ಉತ್ತರಕ್ಕೆ ಪೀಣ್ಯವಿದೆ. 1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ ಆರ್ಯಭಟ ಉಪಗ್ರಹವು ರೂಪುಗೊಂಡುದು ಅಲ್ಲಿಯ ಕೈಗಾರಿಕಾ ಬಡಾವಣೆಯ ಸಾಧಾರಣವಾದ ಷೆಡ್ಡುಗಳಲ್ಲಿ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ ನೌಕೆಯು ಚಂದ್ರನ ಮೇಲಿಳಿದಾಗ ಅದರ ಮೇಲೆ ಕಣ್ಣಿಟ್ಟಿದ್ದ ಕೇಂದ್ರವೂ ಪೀಣ್ಯದ್ದೇ. ನೈಋತ್ಯಕ್ಕೆ ಕೆಂಗೇರಿಯನ್ನು ಹಾದು ಮುಂದೆ ಹೋದರೆ ಬ್ಯಾಲಾಳು ಸಿಕ್ಕುವುದು. ಅಲ್ಲಿ 32 ಮೀಟರು ಅಗಲದ ಆಂಟೆನಾ ತಟ್ಟೆಯೊಂದು, ಕೋಟ್ಯಂತರ ಮೈಲಿಗಳಾಚೆಯ ನೌಕೆಗಳ ಕ್ಷೀಣವಾದ ದನಿಯನ್ನು ಆಲಿಸುತ್ತ ಬಾನಿಗೆ ಮುಖವೊಡ್ಡಿ ನಿಂತಿದೆ. ಈ ಎರಡು ಸ್ಥಳಗಳ ನಡುವೆ, ಮೈಸೂರು ರಸ್ತೆಗೆ ಸಮೀಪವಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿಯು ಹಬ್ಬಿಕೊಂಡಿದೆ. ಪೀಣ್ಯವು ನೌಕೆಯೊಡನೆ ಮಾತನಾಡುತ್ತದೆ. ಬ್ಯಾಲಾಳು ಅದರ ಮಾತನ್ನು ಕೇಳುತ್ತದೆ. ನಡುವಣ ವಿದ್ಯಾಮಂದಿರಕ್ಕೆ ಆ ಸಂಭಾಷಣೆಯಲ್ಲಿ ಪಾಲಿಲ್ಲ.

ಇದು ಜ್ಞಾನಭಾರತಿಯೊಂದರ ಕೊರತೆಯಲ್ಲ. ಕರ್ಣಾಟಕದ, ಅಷ್ಟೇಕೆ, ಭಾರತದ ವಿಶ್ವವಿದ್ಯಾನಿಲಯಗಳೆಲ್ಲದರ ಕೊರತೆ. ಈ ಮಾತು ಅತಿಶಯೋಕ್ತಿಯೆಂದು ತೋರಿದವರು ಪ್ರಕಟವಾಗಿರುವ ಪಟ್ಟಿಗಳನ್ನು ನೋಡಬಹುದು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ 11 ಉಪಕರಣಗಳಿದ್ದುವು. ಅವುಗಳಲ್ಲಿ ಭಾರತದವು 5. ಆ ಐದನ್ನೂ ಸಿದ್ಧಗೊಳಿಸಿದುವು ಅಹಮದಾಬಾದು, ಬೆಂಗಳೂರು, ತಿರುವನಂತಪುರಗಳ ಸರ್ಕಾರೀ ಸಂಶೋಧನಾಲಯಗಳು. 2013ರ ನವೆಂಬರ್ 5ರಂದು ಮಂಗಳಗ್ರಹಕ್ಕೆ ಹೊರಟ ನೌಕೆಯ 5 ಉಪಕರಣಗಳ ವಿಷಯವೂ ಹಾಗೆಯೇ. 2019ರ ಚಂದ್ರಯಾನ-2ರಲ್ಲಿ ಚಂದ್ರನನ್ನು ಸುತ್ತುವ ನೌಕೆಯ 8 ಉಪಕರಣಗಳೂ ಅಂತಹವೇ. 2023ರ ಚಂದ್ರಯಾನ-3ರಲ್ಲಿಯೂ ಭಾರತದ ಉಪಕರಣಗಳು ಅದೇ ಮನೆಗಳಿಂದ ಬಂದುವು. ಭಾರತದ ವಿಶ್ವವಿದ್ಯಾನಿಲಯವೊಂದು ತಾನೇ ಮುಂದಾಳಾಗಿ ನಿಂತು ಸಿದ್ಧಪಡಿಸಿದ ಉಪಕರಣವು ಈ ನಾಲ್ಕು ಯಾತ್ರೆಗಳ ಪಟ್ಟಿಗಳಲ್ಲಿ ಒಂದೂ ಇಲ್ಲ.

ಆ ಸಂಶೋಧನಾಲಯಗಳ ಕೆಲಸವನ್ನು ಹಗುರಾಗಿ ಕಾಣುವುದು ಕೃತಘ್ನತೆಯಾದೀತು. ಪ್ರಜ್ಞಾನವೆಂಬ ಪುಟ್ಟ ಬಂಡಿಯ ಮೇಲೆ ಕುಳಿತು, ಲೇಸರು ಕಿರಣದಿಂದ ಚಂದ್ರನ ಮಣ್ಣನ್ನು ಸುಟ್ಟು, ಆ ಹೊಳಪಿನಲ್ಲಿ ಗಂಧಕದ ಗುರುತನ್ನು ಕಂಡುಹಿಡಿದ ಉಪಕರಣವು ಬೆಂಗಳೂರಿನ ಸಂಶೋಧನಾಲಯದ್ದೇ. ಅದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ. ಪ್ರಶ್ನೆಯಿರುವುದು ಇದ್ದವರ ಯೋಗ್ಯತೆಯ ವಿಷಯದಲ್ಲಲ್ಲ; ಇಲ್ಲದವರ ಗೈರುಹಾಜರಿಯ ವಿಷಯದಲ್ಲಿ.

ಈ ಗೈರುಹಾಜರಿಯು ಎಷ್ಟು ವಿಚಿತ್ರವಾದುದೆಂಬುದು ಚಂದ್ರಯಾನ-1ರ ಉಳಿದ 6 ಉಪಕರಣಗಳನ್ನು ನೋಡಿದರೆ ತಿಳಿಯುವುದು. ಅವು ಹೊರನಾಡುಗಳವು. ಚಂದ್ರನ ಮೇಲ್ಮೈಯಲ್ಲಿ ನೀರಿನ ಅಂಶವಿರುವುದನ್ನು 2009ರಲ್ಲಿ ಲೋಕಕ್ಕೆ ತಿಳಿಸಿದ ಖನಿಜ ಶೋಧಕ ಉಪಕರಣದ ಮುಂದಾಳು, ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ಕಾರ್ಲೆ ಪೀಟರ್ಸ್ ಎಂಬ ವಿದುಷಿ. ಧ್ರುವಪ್ರದೇಶದ ಕತ್ತಲ ಕುಳಿಗಳನ್ನು ರೇಡಾರಿನಿಂದ ತಡವಿದ ಇನ್ನೊಂದು ಉಪಕರಣವು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಿಂದ ಬಂದುದು. ಭಾರತದ ನೌಕೆಯಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳಿಗೆ ಎಡೆಯಿತ್ತು, ಭಾರತದವಕ್ಕೆ ಇರಲಿಲ್ಲ. ಅತಿಥಿಗೆ ಮಣೆ ಹಾಕಿದುದು ಸರಿಯೇ. ಮನೆಯ ಮಗುವಿಗೆ ಎಲೆಯನ್ನೇ ಹಾಕದಿದ್ದುದು ಸರಿಯೆ?

ಬೇರೆ ನಾಡುಗಳಲ್ಲಿ ಈ ಕೆಲಸವು ಹೇಗೆ ನಡೆದಿದೆಯೆಂಬುದನ್ನು ಇಲ್ಲಿ ಕೊಂಚ ನೋಡಬೇಕು. 1967ರ ಸೆಪ್ಟೆಂಬರಿನಲ್ಲಿ ಸರ್ವೇಯರ್-5 ಎಂಬ ನೌಕೆಯು ಚಂದ್ರನ ಮೇಲಿಳಿಯಿತು. ಅದರೊಳಗಿದ್ದ ಪೆಟ್ಟಿಗೆಯೊಂದರಿಂದ ಆಲ್ಫಾ ಕಣಗಳು ಮಣ್ಣಿಗೆ ಬಡಿದು ಹಿಂದಿರುಗಿದುವು. ಹಿಂದಿರುಗಿದ ಕಣಗಳ ಶಕ್ತಿಯನ್ನು ಅಳೆದು, ಅಲ್ಲಿಯ ಮಣ್ಣು ಭೂಮಿಯ ಬಸಾಲ್ಟು ಕಲ್ಲನ್ನು ಹೋಲುವುದೆಂದು ತಿಳಿಸಿದವರು ಷಿಕಾಗೊ ವಿಶ್ವವಿದ್ಯಾನಿಲಯದ ಆಂಥೊನಿ ಟರ್ಕೆವಿಚ್ ಮತ್ತು ಅವರ ಸಹೋದ್ಯೋಗಿಗಳು. ಪರಲೋಕದ ಮಣ್ಣಿನ ಮೊತ್ತಮೊದಲ ರಾಸಾಯನಿಕ ಪರೀಕ್ಷೆಯು ಹೀಗೆ ಒಂದು ವಿಶ್ವವಿದ್ಯಾನಿಲಯದ ಯಂತ್ರದಿಂದಾಯಿತು. ಪ್ರಜ್ಞಾನದ ಬಂಡಿಯಲ್ಲಿಯೂ ಆಲ್ಫಾ ಕಣಗಳಿಂದ ಮಣ್ಣನ್ನು ಪರೀಕ್ಷಿಸಿದ ಉಪಕರಣವೊಂದಿತ್ತು. ಅದರ ವಂಶವೃಕ್ಷವನ್ನು ಹುಡುಕಿಕೊಂಡು ಹೋದರೆ ಬೇರು ಸಿಕ್ಕುವುದು ಷಿಕಾಗೊವಿನ ಆ ವಿದ್ಯಾಶಾಲೆಯಲ್ಲಿ.

1969ರ ಜುಲೈಯಲ್ಲಿ ಅಪೊಲೊ-11ರ ಯಾತ್ರಿಕರು ಚಂದ್ರನ ಮೇಲೆ ಕಾಲಿಟ್ಟಾಗ, ಅಮೆರಿಕದ ಧ್ವಜವನ್ನು ನೆಡುವುದಕ್ಕೂ ಮೊದಲೇ ಅಲ್ಯೂಮಿನಿಯಮ್ ತಗಡಿನ ತೆಳುವಾದ ಹಾಳೆಯೊಂದನ್ನು ಸೂರ್ಯನಿಗೆದುರಾಗಿ ಬಿಚ್ಚಿ ನಿಲ್ಲಿಸಿದರು. ಸೂರ್ಯನಿಂದ ಬೀಸುವ ಕಣಗಳ ಗಾಳಿಯನ್ನು 77 ನಿಮಿಷಗಳ ಕಾಲ ಹೀರಿಕೊಂಡ ಆ ಹಾಳೆಯನ್ನು ಸುತ್ತಿ ಭೂಮಿಗೆ ತಂದರು. ಅದನ್ನು ಯೋಚಿಸಿ ಮಾಡಿಕೊಟ್ಟುದು ಸ್ವಿಜರ್ಲೆಂಡಿನ ಬರ್ನ್ ವಿಶ್ವವಿದ್ಯಾನಿಲಯ. ಸ್ವಿಜರ್ಲೆಂಡಿಗೆ ರಾಕೆಟ್ಟಿರಲಿಲ್ಲ, ಚಂದ್ರಯಾನವಿರಲಿಲ್ಲ. ಒಂದು ಒಳ್ಳೆಯ ಯೋಚನೆಯೂ ಅದನ್ನು ಕೈಗೂಡಿಸುವ ಕಾರ್ಯಶಾಲೆಯೂ ಇದ್ದುವು, ಅಷ್ಟೆ.

ಕೆನಡಾದ ಗೆಲ್ಫ್ ಎಂಬ ಊರಿನ ವಿಶ್ವವಿದ್ಯಾನಿಲಯದ ಕಥೆಯು ಬೆಂಗಳೂರಿಗೆ ಇನ್ನೂ ಹತ್ತಿರದ್ದು. ಬೇಸಾಯದ ಕಾಲೇಜು, ಪಶುವೈದ್ಯದ ಕಾಲೇಜು ಮೊದಲಾದುವು ಕೂಡಿ ಅದು ವಿಶ್ವವಿದ್ಯಾನಿಲಯವಾದುದು 1964ರಲ್ಲಿ. ಬೆಂಗಳೂರು ವಿಶ್ವವಿದ್ಯಾನಿಲಯವು ಹುಟ್ಟಿದುದೂ ಅದೇ 1964ರಲ್ಲಿ. 2012ರ ಆಗಸ್ಟಿನಲ್ಲಿ ಕ್ಯೂರಿಯಾಸಿಟಿ ಎಂಬ ಬಂಡಿಯು ಮಂಗಳನ ನೆಲವನ್ನು ಮುಟ್ಟಿದಾಗ, ಅದರ ತೋಳಿನ ತುದಿಯಲ್ಲಿ ಕಲ್ಲುಗಳನ್ನು ಪರೀಕ್ಷಿಸುವ ಉಪಕರಣದ ಮುಂದಾಳುತನವು ಗೆಲ್ಫ್ ವಿಶ್ವವಿದ್ಯಾನಿಲಯದ ವಿಜ್ಞಾನಿಯದಾಗಿತ್ತು. ಹಣ ಕೊಟ್ಟುದು ಕೆನಡಾದ ಅಂತರಿಕ್ಷ ಸಂಸ್ಥೆ. ಲೋಹವನ್ನು ಕೊರೆದು ಜೋಡಿಸಿದುದು ಕೈಗಾರಿಕೆ. ಏನನ್ನು ಅಳೆಯಬೇಕು, ಅಳತೆಯು ನಿಜವೆಂದು ಹೇಗೆ ತಿಳಿಯಬೇಕು ಎಂಬುದನ್ನು ನಿರ್ಣಯಿಸಿದುದು ವಿಶ್ವವಿದ್ಯಾನಿಲಯ. ಒಂದೇ ವಯಸ್ಸಿನ ಎರಡು ವಿದ್ಯಾಪೀಠಗಳಲ್ಲಿ ಒಂದು ಮಂಗಳನ ಕಲ್ಲನ್ನು ಮುಟ್ಟಿತು. ಇನ್ನೊಂದು ಬ್ಯಾಲಾಳಿನ ತಟ್ಟೆಯನ್ನು ದೂರದಿಂದ ನೋಡಿತು.

ಇಷ್ಟನ್ನು ಹೇಳಿದೊಡನೆಯೇ ಆಕ್ಷೇಪಗಳು ಏಳುವುವು. ಅವುಗಳನ್ನು ಒಂದೊಂದಾಗಿ ವಿಚಾರಿಸುವುದು ನ್ಯಾಯ.

ಮೊದಲನೆಯ ಆಕ್ಷೇಪವು ವಿದ್ಯಾಪೀಠಗಳ ಒಳಗಿನಿಂದಲೇ ಬರುವಂಥದು: “ವಿಶ್ವವಿದ್ಯಾನಿಲಯದ ಧರ್ಮ ಪಾಠ ಹೇಳುವುದು. ಯಂತ್ರ ಕಟ್ಟುವುದಕ್ಕೆ ಸರ್ಕಾರದ ಬೇರೆ ಇಲಾಖೆಗಳುಂಟು.” ಈ ಮಾತನ್ನಾಡುವವರು ಪಾಠವೆಂದರೇನೆಂಬುದನ್ನು ಮರೆತಿರುವರು. ಪದವಿ ತರಗತಿಯ ಭೌತಶಾಸ್ತ್ರದ ಪ್ರಯೋಗಶಾಲೆಯನ್ನು ಹೊಕ್ಕು ನೋಡಿದರೆ ಸಾಕು. ಲೋಲಕವನ್ನು ತೂಗಿಬಿಟ್ಟು ಗುರುತ್ವದ ಮಾನವನ್ನು ಕಂಡುಹಿಡಿಯುವ ಪ್ರಯೋಗದಲ್ಲಿ ಉತ್ತರವು 980 ಎಂದು ಹುಡುಗನಿಗೆ ಮೊದಲೇ ಗೊತ್ತು. ಅವನ ಗಡಿಯಾರವು 940 ಎಂದರೆ, ಗಡಿಯಾರವನ್ನು ಪರೀಕ್ಷಿಸುವುದಿಲ್ಲ; ದಾರದ ಉದ್ದವನ್ನು ಮರಳಿ ಅಳೆಯುವುದಿಲ್ಲ; ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಲೆಕ್ಕವನ್ನು ಹಿಂದುಹಿಂದಾಗಿ ಬರೆದು 980ನ್ನು ಒಪ್ಪಿಸುತ್ತಾನೆ. ಪರೀಕ್ಷಕರು ಅಂಕ ಕೊಡುತ್ತಾರೆ. ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಮೂರು ವರ್ಷ ಕೇಳಿಸಿಕೊಂಡವನಿಗೆ ಸುಳ್ಳು ಲೆಕ್ಕದ ಅಭ್ಯಾಸವಾಗುವುದಲ್ಲದೆ ವಿಜ್ಞಾನದ ಅಭ್ಯಾಸವಾದೀತೆ? ಯಾರಿಗೂ ಉತ್ತರ ಗೊತ್ತಿರದ ಕಡೆಗೆ ಹೋಗುವ ಉಪಕರಣವನ್ನು ಮಾಡುವವನಿಗೆ ಆ ದಾರಿಯಿಲ್ಲ. ಮುಳ್ಳು ಅಲುಗಾಡಿದುದು ಮಂಗಳನ ಗಾಳಿಯಿಂದಲೋ ತನ್ನ ತಂತಿಯ ಕಾವಿನಿಂದಲೋ ಎಂದು ಅವನು ನೂರು ಸಲ ಕೇಳಿಕೊಳ್ಳಲೇಬೇಕು. ಆ ಸಂಶಯವೇ ವಿಜ್ಞಾನದ ಮೊದಲ ಪಾಠ.

ಸಂಶಯದ ಬೆಲೆಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 2013ರ ಮಂಗಳ ನೌಕೆಯಲ್ಲಿ ಮೀಥೇನ್ ಅನಿಲವನ್ನು ಹುಡುಕುವುದಕ್ಕೆಂದೇ 3 ಕಿಲೋಗ್ರಾಂಗೆ ಸಮೀಪದ ತೂಕದ ಉಪಕರಣವೊಂದು ಹೋಗಿತ್ತು. ಅದರಿಂದ ಮೀಥೇನಿನ ವಿಷಯದಲ್ಲಿ ನಿರ್ಣಾಯಕವಾದ ಅಳತೆಯು ದೊರೆಯಲಿಲ್ಲ; ಮಂಗಳನ ನೆಲವು ಎಲ್ಲೆಲ್ಲಿ ಎಷ್ಟೆಷ್ಟು ಬೆಳಕನ್ನು ಹಿಂದಿರುಗಿಸುವುದೆಂಬ ನಕ್ಷೆಗೆ ಅದು ಉಪಯೋಗವಾಯಿತು. ಇದರಲ್ಲಿ ನಾಚಿಕೆಪಡತಕ್ಕುದೇನೂ ಇಲ್ಲ. ಮೊದಲ ಪ್ರಯತ್ನದಲ್ಲಿ ಎಡವದ ನಾಡಿಲ್ಲ. ಆದರೆ ಮೀಥೇನಿನ ಗೆರೆಗಳನ್ನು ಉಳಿದ ಅನಿಲಗಳ ಗೆರೆಗಳಿಂದ ಹೇಗೆ ಬೇರ್ಪಡಿಸಬೇಕೆಂಬ ಪ್ರಶ್ನೆಯನ್ನು ಹತ್ತು ವಿಶ್ವವಿದ್ಯಾನಿಲಯಗಳ ಪ್ರಯೋಗಶಾಲೆಗಳು ವರ್ಷಗಳ ಮುಂಚೆಯೇ ಕೈಗೆತ್ತಿಕೊಂಡು ವಾದಿಸಿದ್ದರೆ ಫಲವು ಬೇರೆಯಾಗುತ್ತಿರಲಿಲ್ಲವೆ? ಒಂದೇ ಮನೆಯವರು ಕಟ್ಟಿ, ಒಂದೇ ಮನೆಯವರು ಪರೀಕ್ಷಿಸುವಲ್ಲಿ, ಆ ಮನೆಯವರು ಎಷ್ಟೇ ಜಾಣರಾಗಿರಲಿ, ಹೊರಗಿನವನ ಕಣ್ಣಿಗೆ ಮಾತ್ರ ಬೀಳುವ ದೋಷವು ಉಳಿದುಬಿಡುವುದು.

ಎರಡನೆಯ ಆಕ್ಷೇಪವು ಅಂತರಿಕ್ಷ ಇಲಾಖೆಯ ಪಕ್ಷದವರದು: “ಗ್ರಹಯಾತ್ರೆಗೆ ಮುಹೂರ್ತವು ವರ್ಷಗಳಿಗೊಮ್ಮೆ ಬರುವುದು. ಅದನ್ನು ಹುಡುಗರ ಕೈಗೆ ಕೊಡಲಾದೀತೆ?” ಇದು ತೂಕವುಳ್ಳ ಮಾತು. ಇದಕ್ಕೆ ಪ್ಲೂಟೊವನ್ನು ದಾಟಿದ ಪೆಟ್ಟಿಗೆಯೊಂದು ಉತ್ತರ ಹೇಳುತ್ತದೆ. 2006ರ ಜನವರಿ 19ರಂದು ಹೊರಟ ನ್ಯೂ ಹೊರೈಜನ್ಸ್ ನೌಕೆಯಲ್ಲಿ ಧೂಳಿನ ಕಣಗಳನ್ನೆಣಿಸುವ ಉಪಕರಣವೊಂದಿದೆ. ಅದನ್ನು ಕಟ್ಟಿದವರು ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು. 1930ರಲ್ಲಿ, 11 ವರ್ಷದ ಹುಡುಗಿಯಾಗಿದ್ದಾಗ, ಪ್ಲೂಟೊ ಎಂಬ ಹೆಸರನ್ನು ಸೂಚಿಸಿದ ವೆನಿಷಿಯಾ ಬರ್ನಿಯ ಹೆಸರನ್ನೇ ಅದಕ್ಕೆ ಇಟ್ಟಿರುವರು. ವಿಶೇಷವಾದ ಪ್ಲಾಸ್ಟಿಕ್ಕಿನ ತೆಳುಪೊರೆಗಳನ್ನು ನೌಕೆಯ ಹೊರಮೈಗೆ ಕಟ್ಟಿರುವರು. ಅತಿವೇಗದ ಧೂಳಿನ ಕಣವೊಂದು ಬಡಿದಾಗ ಪೊರೆಯಲ್ಲಿ ವಿದ್ಯುತ್ತಿನ ಸಣ್ಣ ಮಿಡಿತವುಂಟಾಗುವುದು. ಮಿಡಿತದ ಪ್ರಮಾಣದಿಂದ ಕಣದ ತೂಕವನ್ನು ಅಂದಾಜು ಮಾಡುವರು. ಒಟ್ಟು ಭಾರವು 2 ಕಿಲೋಗ್ರಾಂ ಮೀರಿಲ್ಲ. ಹುಡುಗರ ಕೆಲಸವೆಂದು ಯಾರೂ ಕಣ್ಣುಮುಚ್ಚಿ ಒಪ್ಪಲಿಲ್ಲ. ಅನುಭವಸ್ಥರು ಹಿಂದೆ ನಿಂತು, ಉಳಿದ ಉಪಕರಣಗಳನ್ನು ಪರೀಕ್ಷಿಸಿದ ಹಾಗೆಯೇ ಅದನ್ನೂ ಪರೀಕ್ಷಿಸಿದರು. ನೌಕೆಯು 2015ರ ಜುಲೈ 14ರಂದು ಪ್ಲೂಟೊವನ್ನು ಹಾದು ಮುಂದುವರಿಯಿತು. ಕಟ್ಟಿದ ವಿದ್ಯಾರ್ಥಿಗಳು ಪದವಿ ಪಡೆದು ಹೋದರು. ಅವರ ಬಳಿಕ ಬಂದವರು ಎಣಿಕೆಯನ್ನು ನೋಡಿಕೊಂಡರು. 2024ರಲ್ಲಿ, ಸೌರವ್ಯೂಹದ ಹೊರ ಅಂಚಿನ ಹಿಮಕಾಯಗಳ ಪಟ್ಟಿಯು ಹಿಂದೆ ತಿಳಿದಿದ್ದುದಕ್ಕಿಂತ ದೂರಕ್ಕೆ ಹಬ್ಬಿರಬಹುದೆಂಬ ಸೂಚನೆಯು ಆ ಎಣಿಕೆಯಿಂದಲೇ ಬಂದಿತು. ಹುಡುಗರ ಪೆಟ್ಟಿಗೆಯು ನೌಕೆಗೆ ಕೇಡನ್ನು ತರಲಿಲ್ಲ, ಕೀರ್ತಿಯನ್ನು ತಂದಿತು.

ಮೂರನೆಯ ಆಕ್ಷೇಪವು ಹಣದ್ದು. ವಿಶ್ವವಿದ್ಯಾನಿಲಯಗಳಲ್ಲಿ ಬೋಧಕರ ಸಂಬಳಕ್ಕೇ ತತ್ವಾರವಿರುವಾಗ ಮಂಗಳ ಶುಕ್ರರ ಮಾತೇಕೆ ಎಂದು ಕೇಳುವರು. ಬಡತನವು ನಿಜ. ಆದರೆ ಹಣವು ನಾಡಿನಲ್ಲಿಲ್ಲವೆಂಬುದು ನಿಜವಲ್ಲ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಶುಕ್ರಗ್ರಹದ ಯಾತ್ರೆಗೆ 1,236 ಕೋಟಿ ರೂಪಾಯಿಗಳನ್ನೂ, ಚಂದ್ರನ ಮಣ್ಣನ್ನು ತರಲಿರುವ ಚಂದ್ರಯಾನ-4ಕ್ಕೆ 2,104 ಕೋಟಿ ರೂಪಾಯಿಗಳನ್ನೂ ಮಂಜೂರು ಮಾಡಿತು. ಶುಕ್ರಯಾತ್ರೆಯ ಹಣದಲ್ಲಿ ನೂರಕ್ಕೊಂದು ಪಾಲೆಂದರೆ 12 ಕೋಟಿಗೆ ಸ್ವಲ್ಪ ಮೇಲಾಗುವುದು. ದೇವಸ್ಥಾನದ ನೈವೇದ್ಯದಲ್ಲಿ ಪಾಠಶಾಲೆಯ ಮಕ್ಕಳಿಗೆ ಒಂದು ಹಿಡಿಯನ್ನೆತ್ತಿಟ್ಟರೆ ದೇವರಿಗೆ ಕೊರತೆಯಾಗುವುದಿಲ್ಲ.

ನಾಲ್ಕನೆಯವರು ಆಕ್ಷೇಪಿಸುವವರಲ್ಲ, ತೃಪ್ತರು. “ಬೆಂಗಳೂರಿನ ಕಾಲೇಜುಗಳು ಉಪಗ್ರಹಗಳನ್ನೇ ಹಾರಿಸಿಲ್ಲವೆ?” ಎಂದು ಇವರು ಕೇಳುವರು. ಹಾರಿಸಿರುವುದು ದಿಟ, ಅದು ಸಂತೋಷದ ಸಂಗತಿಯೂ ಹೌದು. 2010ರ ಜುಲೈ 12ರಂದು ಬೆಂಗಳೂರು, ಹೈದರಾಬಾದುಗಳ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಕಟ್ಟಿದ, ಒಂದು ಕಿಲೋಗ್ರಾಂಗಿಂತ ಕಡಿಮೆ ತೂಕದ ಸ್ಟಡ್‌ಸ್ಯಾಟ್ ಆಕಾಶಕ್ಕೇರಿತು. 2016ರ ಸೆಪ್ಟೆಂಬರ್ 26ರಂದು ಪಿ.ಇ.ಎಸ್. ವಿಶ್ವವಿದ್ಯಾನಿಲಯದ ಪೈಸ್ಯಾಟ್ ಏರಿತು. 2024ರ ಡಿಸೆಂಬರ್ 30ರಂದು ಹಾರಿದ ರಾಕೆಟ್ಟಿನ ಕೊನೆಯ ಹಂತದಲ್ಲಿ, ಮೈಸೂರು ರಸ್ತೆಯ ಆರ್.ವಿ. ಕಾಲೇಜಿನವರು ಮನುಷ್ಯನ ಕರುಳಿನ ಸೂಕ್ಷ್ಮಜೀವಿಯ ಬೆಳವಣಿಗೆಯನ್ನು ಪರೀಕ್ಷಿಸುವ ಪೆಟ್ಟಿಗೆಯನ್ನಿರಿಸಿದ್ದರು. ಕೆಲಸ ಮುಗಿದು ವ್ಯರ್ಥವಾಗತಕ್ಕ ಆ ಹಂತವನ್ನು ಪ್ರಯೋಗದ ವೇದಿಕೆಯಾಗಿ ಮಾಡಿಕೊಟ್ಟ ಅಂತರಿಕ್ಷ ಇಲಾಖೆಯ ಔದಾರ್ಯವನ್ನು ಮೆಚ್ಚಲೇಬೇಕು. ಇದು ಕೈ ಪಳಗಿಸುವ ಗರಡಿಮನೆ. ಆದರೆ ಗರಡಿಯಲ್ಲಿ ಸಾಮು ಮಾಡಿದವನಿಗೆ ಕಣದ ಬಾಗಿಲು ಎಂದೂ ತೆರೆಯದಿದ್ದರೆ ಸಾಮಿನ ಅರ್ಥವೇನು? ಭೂಮಿಯನ್ನು ಸುತ್ತುವ ಒಂದು ಪೆಟ್ಟಿಗೆ, ಒಂದು ಸನ್ಮಾನ, ಪತ್ರಿಕೆಯಲ್ಲಿ ಒಂದು ಭಾವಚಿತ್ರ. ವರ್ಷ ತಿರುಗುವುದರೊಳಗೆ ಕಟ್ಟಿದ ಹುಡುಗರು ಉದ್ಯೋಗಕ್ಕೆ ಹೊರಟುಹೋಗುವರು. ಅವರ ಅನುಭವವನ್ನು ಕೂಡಿಸಿಟ್ಟುಕೊಳ್ಳುವವರು ಯಾರು? ಮುಂದಿನ ತಂಡವು ಮೊದಲಿನಿಂದ ಪ್ರಾರಂಭಿಸಬೇಕಾಗುವುದು.

ತಪ್ಪು ಒಂದೇ ಕಡೆಯದಲ್ಲ. ಅಂತರಿಕ್ಷ ಇಲಾಖೆಯು ಬಾಗಿಲನ್ನು ಮುಚ್ಚಿಯೇ ಇಟ್ಟಿತೆಂದು ಹೇಳುವಂತಿಲ್ಲ. ಶುಕ್ರಯಾತ್ರೆಗೆ ಉಪಕರಣಗಳನ್ನು ಸೂಚಿಸಬೇಕೆಂದು 2017ರಲ್ಲಿಯೇ ದೇಶದ ಸಂಸ್ಥೆಗಳನ್ನು ಅದು ಕೇಳಿತ್ತು. ಆದರೆ ಹಿಂದೆ ನೌಕೆಗೆ ಉಪಕರಣವನ್ನು ಕೊಟ್ಟವರೊಡನೆ ಎಂದೂ ಕೊಡದವರನ್ನು ಒಂದೇ ಓಟಕ್ಕೆ ನಿಲ್ಲಿಸಿದರೆ ಗೆಲ್ಲುವವರು ಯಾರೆಂಬುದು ಗೊತ್ತೇ ಇದೆ. ಈಜು ಬಾರದವನು ನೀರಿಗಿಳಿಯಕೂಡದೆಂಬ ಕಟ್ಟಳೆಯಿಂದ ಈಜುಗಾರರು ಹುಟ್ಟುವುದಿಲ್ಲ. ಇನ್ನು ವಿಶ್ವವಿದ್ಯಾನಿಲಯಗಳು ತಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಅಲ್ಲಿ ಅಧ್ಯಾಪಕನ ಬಡ್ತಿಗೆ ಲೇಖನಗಳನ್ನು ಎಣಿಸುವರು. ಎಂಟು ವರ್ಷ ದುಡಿದು ಒಂದು ನಂಬತಕ್ಕ ಯಂತ್ರವನ್ನು ನಿಲ್ಲಿಸಿದವನಿಗೆ ಆ ಎಣಿಕೆಯಲ್ಲಿ ಸೊನ್ನೆ. ಯಂತ್ರಶಾಲೆಯ ಕುಶಲ ಕೆಲಸಗಾರನು ನಿವೃತ್ತನಾದರೆ ಅವನ ಸ್ಥಾನವು ಬರಿದಾಗಿಯೇ ಉಳಿಯುವುದು. ಲೇತು ಯಂತ್ರದ ಮೇಲೆ ಹೊದಿಕೆ ಬೀಳುವುದು. ಗುಮಾಸ್ತನಿಲ್ಲದೆ ಕಚೇರಿ ನಡೆಯದೆಂದು ತಿಳಿದವರಿಗೆ, ಕಮ್ಮಾರನಿಲ್ಲದೆ ವಿಜ್ಞಾನ ನಡೆಯದೆಂಬುದು ತಿಳಿಯದೆ ಹೋಯಿತು.

ವಿದ್ಯಾಪೀಠಕ್ಕೂ ನೌಕೆಗೂ ನಂಟಿಲ್ಲವೆನ್ನುವವರು ಆರ್ಯಭಟದ ಚರಿತ್ರೆಯನ್ನೊಮ್ಮೆ ನೆನೆಯಲಿ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿ, ಆ ಉಪಗ್ರಹವನ್ನು ಕಟ್ಟಿಸಿದ ಉಡುಪಿ ರಾಮಚಂದ್ರ ರಾಯರು 1960ರ ದಶಕದಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿಯೂ ಟೆಕ್ಸಾಸಿನ ಡಲ್ಲಾಸಿನಲ್ಲಿಯೂ ಇದ್ದು, ಪಯನೀರ್, ಎಕ್ಸ್‌ಪ್ಲೋರರ್ ನೌಕೆಗಳ ಪ್ರಯೋಗಗಳಲ್ಲಿ ಕೈಯಾಡಿಸಿದವರು. ಅವರಿಗೆ ಬೆಂಬಲವಾಗಿ ನಿಂತ ಸತೀಶ ಧವನ್ ಅವರು 1972ರಿಂದ ಅಂತರಿಕ್ಷ ಸಂಸ್ಥೆಯ ಅಧ್ಯಕ್ಷರಾಗಿದ್ದಾಗಲೂ ಬೆಂಗಳೂರಿನ ವಿಜ್ಞಾನ ಮಂದಿರದ ನಿರ್ದೇಶಕತ್ವವನ್ನು ಬಿಟ್ಟುಕೊಡಲಿಲ್ಲ. ಪೀಣ್ಯದ ಷೆಡ್ಡುಗಳಿಗೆ ಬೀಜವು ಬಂದುದು ವಿದ್ಯಾಶಾಲೆಗಳಿಂದ. ಬೆಳೆ ಕೊಯ್ದವರು ಬಿತ್ತನೆಯ ಬೀಜವನ್ನು ಹಿಂದಿರುಗಿಸುವುದು ರೈತರೆಲ್ಲರೂ ಬಲ್ಲ ನ್ಯಾಯ.

ಆಗಬೇಕಾದುದು ಮೂರೇ ಕೆಲಸ. ಇನ್ನುಮುಂದೆ ಯೋಜಿಸುವ ಪ್ರತಿಯೊಂದು ಗ್ರಹನೌಕೆಯಲ್ಲಿಯೂ ಎರಡು ಕಿಲೋಗ್ರಾಂ ಭಾರದ ಒಂದು ಸ್ಥಾನವು ವಿಶ್ವವಿದ್ಯಾನಿಲಯಗಳಿಗೆಂದೇ ಮೀಸಲಾಗಲಿ. ಅದು ಕೆಟ್ಟರೂ ನೌಕೆಗೆ ಕೇಡಾಗದಂತೆ ಅದರ ತಂತಿಗಳನ್ನು ಬೇರ್ಪಡಿಸಿಡಲಿ. ಅದರಲ್ಲಿಡುವ ಉಪಕರಣವನ್ನು ವಿಶ್ವವಿದ್ಯಾನಿಲಯಗಳ ನಡುವೆಯೇ ಸ್ಪರ್ಧೆಯಿಂದ ಆರಿಸಲಿ. ಎರಡನೆಯದಾಗಿ, ರಾಜ್ಯ ಸರ್ಕಾರವು ಕನಿಷ್ಠ ಒಂದು ವಿಶ್ವವಿದ್ಯಾನಿಲಯದಲ್ಲಿ ಖಾಯಂ ಕೆಲಸಗಾರರುಳ್ಳ ಉಪಕರಣಶಾಲೆಯನ್ನು ಸ್ಥಾಪಿಸಿ, ಹತ್ತು ವರ್ಷ ಅದರ ಲೆಕ್ಕವನ್ನು ಕೇಳದೆ ಫಲವನ್ನು ಕಾಯಲಿ. ಮೂರನೆಯದಾಗಿ, ಯಂತ್ರವನ್ನು ಕಟ್ಟಿ ಪರೀಕ್ಷಿಸಿದ ಕೆಲಸವು ವಿದ್ಯಾರ್ಥಿಗೆ ಪ್ರಬಂಧವಾಗಿಯೂ ಅಧ್ಯಾಪಕನಿಗೆ ಬಡ್ತಿಯ ಅರ್ಹತೆಯಾಗಿಯೂ ಸಲ್ಲಲಿ. ಈ ಮೂರರಲ್ಲಿ ಯಾವುದಕ್ಕೂ ಹೊಸ ರಾಕೆಟ್ಟು ಬೇಕಾಗಿಲ್ಲ. ಆಡಳಿತಗಾರರ ಮನಸ್ಸು ಮಾತ್ರ ಬೇಕು.

ವಿಜಯನಗರದ ನಿಲ್ದಾಣದಲ್ಲಿ ಮೆಟ್ರೊ ರೈಲನ್ನೇರಿದ ಮಾರೇನಹಳ್ಳಿಯ ವಿದ್ಯಾರ್ಥಿಯು ಸ್ವಲ್ಪ ಹೊತ್ತಿನಲ್ಲೇ ಜ್ಞಾನಭಾರತಿಯಲ್ಲಿ ಇಳಿಯುವನು. ಅಲ್ಲಿ ಅವನು 980ನ್ನು ಹಿಂದುಹಿಂದಾಗಿ ಬರೆಯಲು ಕಲಿಯುವನೋ, ಯಾರೂ ಅರಿಯದ ಒಂದು ಸಂಖ್ಯೆಯನ್ನು ಶುಕ್ರನಿಂದ ತರಿಸಿಕೊಳ್ಳಲು ಕಲಿಯುವನೋ ಎಂಬುದು ಅವನ ಬುದ್ಧಿಯನ್ನು ಅವಲಂಬಿಸಿಲ್ಲ. ಆ ಬುದ್ಧಿಯು ಅವನಲ್ಲಿ ಸಾಕಷ್ಟಿದೆ. ಆಡಳಿತಗಾರರು ಎರಡು ಕಿಲೋಗ್ರಾಂ ಜಾಗವನ್ನೂ ಒಬ್ಬ ಕಮ್ಮಾರನ ಸಂಬಳವನ್ನೂ ಕೊಡಬಲ್ಲರೋ ಇಲ್ಲವೋ ಎಂಬುದನ್ನು ಅದು ಅವಲಂಬಿಸಿದೆ. ಕೊಡಲಾರೆವೆಂದಾದರೆ, ಮುಂದಿನ ಸಲ ನೌಕೆ ಇಳಿದ ಸಂಜೆ ಕಾಲೇಜುಗಳ ಸಭಾಂಗಣಗಳಲ್ಲಿ ಮಕ್ಕಳನ್ನು ಕೂಡಿಸಿ ಚಪ್ಪಾಳೆ ತಟ್ಟಿಸುವ ಅಧಿಕಾರವು ಅವರಿಗಿಲ್ಲ.